ಹಳಿಯಾಳಕ್ಕೊಂದು ಕೆಂಪು ದಾರ

ನಮ್ಮ ಮಾಮಾ ಆಫ್ರಿಕಾಕ್ಕೆ ಹೋದವರಲ್ಲ. ಜಮೈಕಾ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಕಡೆ ಕೈ ತೋರಿಸಿ ಸುಮ್ಮನಾಗುವವರು. ಆದರೆ ಆಫ್ರಿಕಾದ ಮಾತು ತೆಗೆಯದೆ ಅವರು ಊಟ ಮುಗಿಸಿದ್ದನ್ನು ನನ್ನ ಜನ್ಮದಲ್ಲಿ ಒಂದೇ ಒಂದು ಸಲ ನೋಡಿದ್ದೇನೆ. ಆ ಒಂದು ಸಲದ ಸುದ್ದಿಗೆ ಆಮೇಲೆ ಬರುತ್ತೇನೆ. ಮೊದಲು ಉಳಿದ ಊಟಗಳ ಗತಿ ಕೇಳಿ!

ರೊಟ್ಟಿ ಮುರಿಯುತ್ತಲೇ ಶುರು. ಜೋಳ ಮೊದಲು ಬೆಳೆದದ್ದು ಆಫ್ರಿಕಾದಲ್ಲಿ. ಸರಿ, ಒಪ್ಪಿದೆವು, ಪುಸ್ತಕದಲ್ಲಿ ಹಾಗೇ ಇದೆಯಂತೆ. ಸಾರಿಗೆ ಹುಣಸೆ ಹಾಕಿದ್ದೀರಾ? ಹುಣಸೆಯೂ ಆಫ್ರಿಕಾದ್ದೇ. ಅಲಸಂದಿ ಪಲ್ಯ ಮಾಡಿದ್ದೀರಾ? ಅದೂ ಅಲ್ಲಿಯದೇ. ಒಮ್ಮೆ ಲಂಡನ್ನಿನ ಹ್ಯಾರೋದ ಸಭಾಭವನದಲ್ಲಿ ಕನ್ನಡಿಗರ ಯುಗಾದಿ ಊಟ. ಮೈಸೂರು ಕಡೆಯ ಒಬ್ಬರು ಮಾಮಾನ ಭಾಷಣ ಕೇಳಿ, ಹಾಗಾದರೆ ನೀವು ಧಾರವಾಡದ ಕಡೆಯವರೆಲ್ಲ ಊಟದಲ್ಲಿ ಆಫ್ರಿಕಾದವರೇ ಅನ್ನಿ ಎಂದು ನಕ್ಕರು. ಮಾಮಾ ಅವಸರ ಮಾಡಲಿಲ್ಲ. ತುತ್ತು ನುಂಗಿ, ನೀರು ಕುಡಿದು, "ನಿಮ್ಮ ರಾಗೀನೂ ಅಲ್ಲಿಂದನ ಬಂದೈತ್ರೀ ಸಾಹೇಬ್ರ" ಅಂದರು. ಆ ಮನುಷ್ಯ ಗಾಬರಿಯಿಂದ ತಮ್ಮ ಕೈಯಲ್ಲಿದ್ದ ಕಾಫಿ ಲೋಟವನ್ನು ನೋಡಿಕೊಂಡರು. ಮಾಮಾ ಅದೂ ಅಲ್ಲಿಯದೇ ಎಂಬಂತೆ ನಿಧಾನಕ್ಕೆ ತಲೆಯಾಡಿಸಿದರು. ಲೋಟ ಕೆಳಗಿಟ್ಟ ಆ ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ಎತ್ತಿಕೊಂಡು ಕುಡಿದರು. ಕಾಫಿ ಬಿಡುವುದುಂಟೇ?

ಇಷ್ಟು ವಾಚಾಳಿ ಮನುಷ್ಯ ದಸರೆಯ ಕೂಟದಲ್ಲಿ ಮಾತ್ರ ಬನ್ನಿ ಹಂಚುವ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿದ್ದರು. ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿ ಎಲೆಯೇ ಬಂಗಾರ; ಜಗಳ ಮರೆತು, ಕಂಡಕಂಡವರಿಗೆಲ್ಲ ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನುವುದು ಪದ್ಧತಿ. ಮಾಮಾ ಆ ಹೊತ್ತಿಗೆ ಕಾರ್ ಪಾರ್ಕಿನಲ್ಲಿ ನಿಂತು ಕಾರಿನ ಟೈರು ಒದ್ದು ನೋಡುತ್ತಿದ್ದರು. ಅದೂ ನನ್ನ ಕಾರಿನ ಟೈರು! ಹುಚ್ಚುಗಳ ಪಟ್ಟಿ ಉದ್ದವಿತ್ತು, ಇದೂ ಒಂದು ಅಂದುಕೊಂಡು ನಾವು ಬಿಟ್ಟುಬಿಟ್ಟಿದ್ದೆವು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಹುಟ್ಟಿ ಬೆಳೆದದ್ದು ಹಳಿಯಾಳದಲ್ಲಿ. ಧಾರವಾಡದಿಂದ ಬಸ್ಸು ಹತ್ತಿದರೆ ಬಹಳ ದೂರವೇನಲ್ಲ. ಅಲ್ಲಿಂದ ಮುಂದೆ ಕಾಡು. ಲಂಡನ್ನಿಗೆ ಬಂದು ಇಪ್ಪತ್ತೆಂಟು ವರ್ಷ ಕೆಂಪು ಬಸ್ಸು ಓಡಿಸಿ, ತೊಂಬತ್ತಾರರಲ್ಲಿ ರಿಟೈರಾಗಿ, ಕಿಂಗ್ಸ್‌ಬರಿಯ ಮನೆಯಲ್ಲಿ ಮಾಮಿಯ ತಲೆ ತಿನ್ನುತ್ತ ಕುಳಿತವರು. ಬಡಾಯಿ ಅವರ ಹುಟ್ಟುಗುಣ. ಶಾಲೆಗೆ ಹೋಗುವಾಗ ಕಾಡಿನಲ್ಲಿ ಹುಲಿ ಎದುರಾದ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ನನ್ನ ಫ್ರಾಕಿನ ಕಾಲಕ್ಕೆ ಅದು ಬೆಕ್ಕಿನಷ್ಟಿದ್ದ ಚಿರತೆಮರಿ. ನನಗೆ ಮದುವೆಯಾಗುವಷ್ಟರಲ್ಲಿ ಅದಕ್ಕೆ ಪಟ್ಟೆ ಮೂಡಿ, ಎಮ್ಮೆಯ ಗಾತ್ರವಾಗಿತ್ತು.

ಅವರ ಬಸ್ಸಿನ ಕಂಡಕ್ಟರ್ ಮಿಸ್ ವೆರಾ. ಜಮೈಕಾದವರು, ಮಾಮಾಗಿಂತ ನಾಲ್ಕು ವರ್ಷ ದೊಡ್ಡವರು, ಗಾತ್ರದಲ್ಲಿ ಅದಕ್ಕಿಂತ ಹೆಚ್ಚು. ಆ ಕಾಲದ ಬಸ್ಸುಗಳಲ್ಲಿ ಡ್ರೈವರು ಮುಂದೆ ಬೇರೆ ಗೂಡಿನಲ್ಲಿ, ಕಂಡಕ್ಟರು ಹಿಂದೆ. ನಡುವೆ ಮಾತಿಲ್ಲ, ಬರೀ ಗಂಟೆ. ಒಂದು ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು, ಮೂರು ಹೊಡೆದರೆ ಬಸ್ಸು ತುಂಬಿದೆ. ಹನ್ನೊಂದು ವರ್ಷ ಇಬ್ಬರೂ ಹೀಗೆ ಗಂಟೆಯಲ್ಲೇ ಸಂಸಾರ ನಡೆಸಿದಂತೆ ಬಸ್ಸು ನಡೆಸಿದರು. ಮಾಮಾ ಜೀವನದಲ್ಲಿ ಹೇಳಿದ ಮಾತು ಕೇಳಿದ್ದು ಒಬ್ಬರದೇ, ಅದೂ ಮಿಸ್ ವೆರಾ ಅವರದು, ಯಾಕೆಂದರೆ ಅವರು ಮಾತನ್ನೇ ಆಡುತ್ತಿರಲಿಲ್ಲ.

ರಿಟೈರಾದ ಮೇಲೆ ಮಿಸ್ ವೆರಾ ಕಪ್ಪು ಜನರೇ ಹೆಚ್ಚಿರುವ ಹಾರ್ಲ್ಸ್‌ಡನ್ನಿನ ಒಂದು ಚರ್ಚಿನ ಹಾಲಿನಲ್ಲಿ ಶನಿವಾರ ಬೆಳಿಗ್ಗೆ ತರಗತಿ ತೆರೆದರು. ಕೆರಿಬಿಯನ್ನಿನ, ಆಫ್ರಿಕಾದ ಇತಿಹಾಸ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ನಮ್ಮ ಕಥೆ ಗುಲಾಮರ ಹಡಗಿನಿಂದ ಶುರುವಾಗುತ್ತದೆ, ಹಡಗಿಗಿಂತ ಮುಂಚಿನದು ಯಾರು ಹೇಳಬೇಕು ಎಂಬುದು ಅವರ ಪ್ರಶ್ನೆ. ಬಂದವರೆಲ್ಲ ಮಕ್ಕಳಲ್ಲ, ಅಜ್ಜ ಅಜ್ಜಿಯರು! ರಿಟೈರಾದ ನರ್ಸುಗಳು, ಕೋಲು ಹಿಡಿದ ಒಬ್ಬ ಅಜ್ಜ, ಬೀದಿಯ ಕೊನೆಯ ಬಾರ್ಬರ್. ಅವರ ನಡುವೆ ಮೊದಲ ಸಾಲಿನಲ್ಲಿ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು, ಒಂದು ಡಬ್ಬಿ ಚುರುಮುರಿ ಇಟ್ಟುಕೊಂಡು ಹಳಿಯಾಳದ ನಮ್ಮ ಮಾಮಾ. ಬಸ್‌ಸ್ಟಾಪಿನಲ್ಲಿ ಸಿಕ್ಕ ಮಿಸ್ ವೆರಾ ಸುಮ್ಮನೆ ಬಾಯಿಮಾತಿಗೆ ಬಾ ಅಂದಿದ್ದರಂತೆ. ಮಾಮಾಗೆ ಅದು ಎರಡು ಗಂಟೆ ಹೊಡೆದಂತೆ ಕೇಳಿಸಿತು. ಹೊರಟೇಬಿಟ್ಟರು.

ಆದರೆ ಕೆಂಟನ್ನಿನಲ್ಲಿದ್ದ ಮನೆಯಿಂದ ಬಂದು ಅವರನ್ನು ಕಾರಿನಲ್ಲಿ ಬಿಡುವುದು ಯಾರ ಕರ್ಮ? ನನ್ನದು. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವರಿಗೆ ಬಸ್ಸು ಹತ್ತಿದರೆ ವಾಕರಿಕೆ ಬರುತ್ತದಂತೆ! ನಮ್ಮವರು ನನ್ನನ್ನು ಕಂಡಾಗಲೆಲ್ಲ ದನಿ ತಗ್ಗಿಸಿ, ಆ ಕಡೆ ಹೋಗುವಾಗ ಹುಷಾರು ಎನ್ನುತ್ತಿದ್ದರು. ಯಾಕೆ ಹುಷಾರು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ನಾನೇನು ಕಡಿಮೆಯೇ? ಮೊದಲ ದಿನ ಹಾಲಿನ ಮುಂದೆ ಕಾರು ನಿಲ್ಲಿಸಿ, ಬಾಗಿಲಿಗೆ ಲಾಕು ಹಾಕಿ, ಒಳಗೇ ಕುಳಿತಿದ್ದೆ. ಒಬ್ಬ ದೊಡ್ಡ ಆಳು ಬಂದು ಕಿಟಕಿ ಬಡಿದ. ನನ್ನ ಜೀವ ಬಾಯಿಗೆ ಬಂತು. ಅವನೇ ಬಾರ್ಬರ್. ಹೊರಗೆ ಚಳಿ, ಒಳಗೆ ಬಂದು ಚಹಾ ಕುಡಿಯಿರಿ ಎಂದು ಕರೆಯಲು ಬಂದಿದ್ದ. ಆ ಚಹಾದ ಜೊತೆ ನಾನು ನನ್ನ ನಾಚಿಕೆಯನ್ನೂ ನುಂಗಿದೆ, ಈಗಲೂ ನೆನೆದರೆ ಮುಖ ಬಿಸಿಯಾಗುತ್ತದೆ.

ಆ ಬಾರ್ಬರನ ಅಂಗಡಿಗೆ ಮಾಮಾ ಹದಿನೈದು ದಿನಕ್ಕೊಮ್ಮೆ ಹೋಗಲು ಶುರುಮಾಡಿದರು. ಮಾಮಾನ ತಲೆಯ ಮೇಲೆ ಇದ್ದದ್ದು ಹನ್ನೊಂದು ಕೂದಲು. ಅವನು ಪಾಪ, ಬಟ್ಟೆ ಸುತ್ತಿ ಕೂರಿಸಿ, ಕತ್ತರಿಯನ್ನು ಗಾಳಿಯಲ್ಲಿ ಆಡಿಸುತ್ತ ಆಫ್ರಿಕಾದ ಮಾಲಿ ದೇಶದ ಹಳೆಯ ಅರಸರ ಬಗ್ಗೆ ವಾದ ಮಾಡಿ ಕಳಿಸುತ್ತಿದ್ದ.

ತರಗತಿಯಲ್ಲಿ ಮಾಮಾನ ಮಾತು ಉದ್ದವಾದರೆ ಮಿಸ್ ವೆರಾ ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟುತ್ತಿದ್ದರು. ಮಾಮಾ ಬ್ರೇಕು ಒತ್ತಿದವರ ಹಾಗೆ ಅರ್ಧ ವಾಕ್ಯದಲ್ಲಿ ನಿಲ್ಲುತ್ತಿದ್ದರು. ನಾನು ಈ ವಿದ್ಯೆಯನ್ನು ಮಾಮಿಗೆ ಹೇಳಿದೆ. ಅಂದಿನಿಂದ ಅವರೂ ಅಡುಗೆಮನೆಯಿಂದ ಸೌಟಿನಲ್ಲಿ ಒಂದೇಟು ಹೊಡೆಯತೊಡಗಿದರು. "ಮೂವತ್ತೈದು ವರ್ಷ ಬಾಯಿಲೆ ಹೇಳಿ ಹೇಳಿ ಸತ್ತೆ ನೋಡವಾ, ಸೌಟೊಂದು ಸಾಕಾಗಿತ್ತು" ಎಂದು ನನ್ನ ಮುಂದೆ ಹಳಹಳಿಸಿದರು.

ಆ ತರಗತಿಗೆ ಒಂದು ಪದ್ಧತಿಯಿತ್ತು. ಶುರುವಿಗೆ ಪ್ರತಿಯೊಬ್ಬರೂ ಎದ್ದು ತಮ್ಮ ಹೆಸರು, ತಮ್ಮ ಅಜ್ಜಿಯ ಹೆಸರು, ಅವಳ ಊರು ಹೇಳಬೇಕು. ಅಷ್ಟೇ. ಮೊದಲ ಶನಿವಾರ ಮಾಮಾನ ಸರದಿ ಬಂತು. ಹೆಣ್ಣು ಕೊಡುವ ತರುವ ಮಾತುಕತೆಯಲ್ಲಿ ಪಳಗಿದ ನಮ್ಮ ಜನ ಇಂಥ ಅವಕಾಶ ಬಿಟ್ಟಾರೆಯೇ? ಅಜ್ಜಿ, ಅವಳ ಅತ್ತೆ, ಮುತ್ತಜ್ಜ, ಅವರ ತಂದೆ, ಮನೆತನದ ಹೆಸರು, ಮನೆದೇವರು, ಯಾವ ಊರಿನಿಂದ ಯಾವ ಊರಿಗೆ ಬಂದದ್ದು, ಹೀಗೆ ಏಳು ತಲೆಮಾರು ಎದೆಯುಬ್ಬಿಸಿ ಹೇಳಿದರು. ಚಪ್ಪಾಳೆ ಬೀಳುತ್ತದೆ ಅಂದುಕೊಂಡಿದ್ದರೋ ಏನೋ. ಮಿಸ್ ವೆರಾ ಮೇಜನ್ನು ಒಮ್ಮೆ ಕುಟ್ಟಿ, ಸಿಟ್ಟಿಲ್ಲದೆ ಹೇಳಿದರು: "ಡ್ರೈವರ್, ಇಲ್ಲಿರುವ ಬಹಳ ಜನಕ್ಕೆ ಅಜ್ಜಿಯ ಆಚೆ ಹೆಸರಿಲ್ಲ. ಇದ್ದ ಹೆಸರುಗಳನ್ನು ಕಿತ್ತುಕೊಂಡರು. ಅದಕ್ಕೇ ನಾವು ಅಜ್ಜಿಗೆ ನಿಲ್ಲಿಸುತ್ತೇವೆ."

ಮುಂದಿನ ಶನಿವಾರ ಮಾಮಾ ಎದ್ದು, ತಮ್ಮ ಹೆಸರು ಹೇಳಿ, "ನಮ್ಮಜ್ಜಿ ನೀಲವ್ವ, ಹಳಿಯಾಳ" ಅಂದು ಕುಳಿತರು. ಬಡಾಯಿಯ ಭಂಡಾರದಂತಿದ್ದ ಮನುಷ್ಯ ಆರು ತಲೆಮಾರನ್ನು ಬಾಯಲ್ಲೇ ತಡೆಹಿಡಿದದ್ದು ಸಣ್ಣ ಮಾತಲ್ಲ. ಅಂದಿನಿಂದ ನಾನು ಚಹಾ ಕುಡಿದು ಕಾರಿಗೆ ಮರಳುವುದನ್ನು ಬಿಟ್ಟು ಒಳಗೇ ಹಿಂದಿನ ಸಾಲಿನಲ್ಲಿ ಕೂರತೊಡಗಿದೆ.

ಇನ್ನು ಗೋಡೆಯ ವಿಷಯ. ಹಾಲಿನ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ. ಆಫ್ರಿಕಾದಿಂದ ಕೆರಿಬಿಯನ್ ದ್ವೀಪಗಳಿಗೆ, ಅಲ್ಲಿಂದ ಲಂಡನ್ನಿಗೆ ಕೆಂಪು ದಾರ ಎಳೆದು, ಒಬ್ಬೊಬ್ಬರ ಊರಿಗೂ ಗುಂಡುಪಿನ್ನು ಚುಚ್ಚಿ, ಕೆಳಗೆ ಹೆಸರಿನ ಚೀಟಿ. ಅಕ್ಟೋಬರ್ ಇಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಆ ತಿಂಗಳ ಕೊನೆಯ ಶನಿವಾರ ನೆಂಟರಿಷ್ಟರನ್ನೆಲ್ಲ ಕರೆದು ನಕ್ಷೆ ತೋರಿಸುವುದು ರೂಢಿ. ತೊಂಬತ್ತೆಂಟರ ಬೇಸಿಗೆಯಲ್ಲಿ ಮಾಮಾ ಎದ್ದು ನಿಂತು, ಹಳಿಯಾಳಕ್ಕೂ ಒಂದು ದಾರ ಬೇಕು ಅಂದರು. ನಮ್ಮೂರ ಕಾಡಿನಲ್ಲಿ ಸಿದ್ದಿ ಜನ ಇದ್ದಾರೆ, ಅವರ ಹಿರಿಯರು ಆಫ್ರಿಕಾದವರು, ಅವರು ಕನ್ನಡ ಮಾತಾಡುತ್ತಾರೆ, ಅವರಲ್ಲಿ ಪೆದ್ರು ಎಂಬುವನು ನನ್ನ ಜೀವದ ಗೆಳೆಯ, ಒಂದೇ ಶಾಲೆ ಎಂದು ವಿವರಿಸಿದರು.

ಇಡೀ ತರಗತಿ ನಕ್ಕಿತು. ನಗದೆ ಏನು ಮಾಡೀತು? ಅದಕ್ಕೆ ಹಿಂದಿನ ವಾರವಷ್ಟೇ ಮಾಮಾ ಹುಲಿಯ ಕಥೆ ಹೇಳಿದ್ದರು. ಕೋಲಿನ ಅಜ್ಜ, ಆ ಪೆದ್ರು ಹುಲಿಯ ಮೇಲೆ ಕೂತು ಶಾಲೆಗೆ ಬರುತ್ತಿದ್ದನೋ ಎಂದು ಕೇಳಿದ. ಮಿಸ್ ವೆರಾ ಮಾತ್ರ ನಗಲಿಲ್ಲ. ನಮ್ಮ ಬಗ್ಗೆ ಬೇರೆಯವರು ಬರೆದ ಸುಳ್ಳೇ ಬೇಕಾದಷ್ಟಿದೆ, ಈ ನಕ್ಷೆಯ ಮೇಲೆ ಸುಳ್ಳಿನ ಪಿನ್ನು ಹಾಕುವುದಿಲ್ಲ, ಅಕ್ಟೋಬರಿನೊಳಗೆ ಸಾಕ್ಷಿ ತಾ ಅಂದರು.

ಮಾಮಾನ ನಿದ್ದೆ ಹಾರಿತು. ಜೀವನದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳಿದ್ದಾರೆ, ಅದನ್ನೇ ಯಾರೂ ನಂಬುತ್ತಿಲ್ಲ! ಫೋಟೊ ಇಲ್ಲ, ಪುಸ್ತಕವಿಲ್ಲ. ನಮ್ಮ ಕನ್ನಡದವರನ್ನು ಸಾಕ್ಷಿಗೆ ಕರೆದರೆ ಅರ್ಧ ಜನಕ್ಕೆ ಸಿದ್ದಿಯರು ಇದ್ದಾರೆಂಬುದೇ ಗೊತ್ತಿಲ್ಲ. ಪೆದ್ರುಗೆ ಮೂರು ಪತ್ರ ಬರೆದರು, ಉತ್ತರವಿಲ್ಲ. ಕೊನೆಗೆ ಹಳಿಯಾಳದಲ್ಲಿರುವ ನನ್ನ ತಾಯಿಗೆ ಫೋನು ಮಾಡಿ, ಟೇಪ್ ರೆಕಾರ್ಡರ್ ತೆಗೆದುಕೊಂಡು ಪೆದ್ರು ಇರುವ ಹಳ್ಳಿಗೆ ಹೋಗಿ, ಅವನ ಮಾತು, ಅವರ ಹೆಂಗಸರ ಹಾಡು ತುಂಬಿಸಿ ಕಳಿಸು ಎಂದು ಗಂಟುಬಿದ್ದರು. ಅವನ ಜೊತೆ ಮಾತಾಡಿ ಎಷ್ಟು ದಿನವಾಯಿತು ಎಂದು ನಾನು ಕೇಳಿದ್ದಕ್ಕೆ, "ಐವತ್ತು ವರ್ಷ ಆತು" ಅಂದು ಕಿಟಕಿಯ ಕಡೆ ತಿರುಗಿದರು. ಜೀವದ ಗೆಳೆಯನ ಜೊತೆ ಐವತ್ತು ವರ್ಷ ಮಾತಿಲ್ಲವೇ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಕ್ಯಾಸೆಟ್ ಬಂತು. ಯಾವಾಗ? ಕಾರ್ಯಕ್ರಮದ ದಿನವೇ ಬೆಳಿಗ್ಗೆ! ದಸರೆಗೆ ಊರಿಗೆ ಹೋಗಿದ್ದ ಕಿಂಗ್ಸ್‌ಬರಿಯ ಪರಿಚಯದವರೊಬ್ಬರು ಅಂದೇ ವಿಮಾನ ಇಳಿದು, ನನ್ನ ತಾಯಿ ಕೊಟ್ಟಿದ್ದ ಗುರೆಳ್ಳು ಚಟ್ನಿಪುಡಿಯ ಪೊಟ್ಟಣ ಕೈಗಿಟ್ಟರು. ಅದರೊಳಗೆ ಹೂತಿತ್ತು ಕ್ಯಾಸೆಟ್ಟು. ಕಾರಿನಲ್ಲಿ ಕ್ಯಾಸೆಟ್ಟಿನ ಡಬ್ಬಿ ತೆರೆದು ಒರೆಸುವಾಗ ಚಟ್ನಿಪುಡಿ ಮೆತ್ತಿದ ಒಣ ಎಲೆಯ ಕಡ್ಡಿಯೊಂದು ನನ್ನ ತೊಡೆಯ ಮೇಲೆ ಬಿತ್ತು. ಒಗ್ಗರಣೆಯ ಕರಿಬೇವಿನ ಚೂರಿರಬೇಕೆಂದು ಕಾರಿನ ಆಶ್‌ಟ್ರೇಗೆ ಹಾಕಿದೆ. ಒಮ್ಮೆ ಕೇಳಿ ನೋಡೋಣವೇ ಅಂದರೆ ಮಾಮಾ ಒಪ್ಪಲಿಲ್ಲ. ಅವರ ತಪ್ಪಲ್ಲ, ನನ್ನ ಕಾರಿನ ಟೇಪು ಆ ವಾರವಷ್ಟೇ ಒಂದು ಭಜನೆ ಕ್ಯಾಸೆಟ್ಟನ್ನು ಪೂರ್ತಿ ನುಂಗಿತ್ತು.

ಚರ್ಚಿನ ಹಾಲ್ ಜನರಿಂದ ತುಂಬಿತ್ತು. ಮಿಸ್ ವೆರಾ ಹಸಿರು ಹ್ಯಾಟು ಹಾಕಿಕೊಂಡು ಮುಂದೆ ಮೇಜಿನ ಬಳಿ ಕುಳಿತಿದ್ದರು, ಪಕ್ಕದಲ್ಲಿ ಒಂದು ಗುಂಡುಪಿನ್ನು, ಒಂದು ಉಂಡೆ ಕೆಂಪು ದಾರ. ಮಾಮಾ ನಾಟಕದ ರಾಜನ ಹಾಗೆ ನಡುವೆ ನಿಂತರು. ಟೇಪಿನ ಗುಂಡಿ ಒತ್ತುವುದು ನನ್ನ ಕೆಲಸ. ಒತ್ತಿದೆ.

ಮೊದಲು ನಗಾರಿಯ ದನಿ. ಹಿಂದೆಯೇ ಹೆಂಗಸರ ಹಾಡು. ಹಾಡಿನ ಮಾತು ಯಾರಿಗೂ ತಿಳಿಯಲಿಲ್ಲ, ಆದರೆ ನಗಾರಿಯ ಪೆಟ್ಟಿಗೆ ಕೋಲಿನ ಅಜ್ಜನ ಕೋಲು ತಾನಾಗಿಯೇ ನೆಲಕ್ಕೆ ಬಡಿಯತೊಡಗಿತು. ನರ್ಸಮ್ಮ ಒಬ್ಬರು ಕುಳಿತಲ್ಲೇ ಭುಜ ಕುಣಿಸಿದರು. ಮಿಸ್ ವೆರಾ ಕಣ್ಣು ಮುಚ್ಚಿಕೊಂಡು, ನಮ್ಮ ಬೆಟ್ಟದ ಮೇಲಿನ ಊರಿನಲ್ಲಿ ಹೀಗೇ ಬಾರಿಸುತ್ತಿದ್ದರು ಅಂದರು. ಮಾಮಾ ಸುತ್ತ ನೋಡಿದ ಗತ್ತು ಹೇಳತೀರದು!

ಹಾಡು ನಿಂತು ಒಬ್ಬ ಗಂಡಸಿನ ದನಿ ಬಂತು. ನಿಧಾನದ, ಸ್ವಲ್ಪ ಒಡೆದ ದನಿ. ನಾನು ಆಗಾಗ ಟೇಪು ನಿಲ್ಲಿಸುವುದು, ಮಾಮಾ ಇಂಗ್ಲಿಷಿನಲ್ಲಿ ಹೇಳುವುದು ಎಂದು ಮಾತಾಗಿತ್ತು. "ನಾನು ಪೆದ್ರು ಮಾತಾಡಾಕತ್ತೀನಿ. ಮನ್ಯಾಗ ಕೊಂಕಣಿ, ಸಾಲ್ಯಾಗ ಕನ್ನಡ ನಮ್ಮದು. ನಮ್ಮ ಹಿರೇರನ್ನ ಹಡಗದಾಗ ಗೋವಾಕ್ಕ ತಂದು ಮಾರಿದ್ರಂತ. ಅಲ್ಲಿಂದ ತಪ್ಪಿಸಿಕೊಂಡು ಈ ಕಾಡ ಸೇರಿದ್ರಂತ. ಅಜ್ಜಿ ಹೇಳತಿದ್ಲು. ಅದರ ಹಿಂದಿನ ಹೆಸರು ನಮಗ ಗೊತ್ತಿಲ್ಲ."

ಮಾಮಾ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಹಾಲಿನಲ್ಲಿ ಗುಸುಗುಸು ಎದ್ದಿತು. ಕಬ್ಬಿನ ತೋಟಗಳ ಗುಲಾಮಗಿರಿಯಿಂದ ಓಡಿಹೋಗಿ ಬೆಟ್ಟ ಸೇರಿ ಬದುಕಿದವರ ಕಥೆಯನ್ನು ಅವರು ಜಮೈಕಾದ ಇತಿಹಾಸದಲ್ಲಿ ಓದಿದ್ದರು. ಅದೇ ಕಥೆ, ಬೇರೆ ಕಾಡು. ಹೆಸರುಗಳು ಅಜ್ಜಿಗೆ ನಿಲ್ಲುವುದೂ ಹಾಗೇ. ಮಿಸ್ ವೆರಾ ಗುಂಡುಪಿನ್ನನ್ನು ಕೈಗೆತ್ತಿಕೊಂಡರು. ಗೆದ್ದೆವು ಅಂದುಕೊಂಡು ನಾನು ಮತ್ತೆ ಗುಂಡಿ ಒತ್ತಿದೆ.

"ಇನ್ನ ನನ್ನ ದೋಸ್ತಗ ಎರಡು ಮಾತು. ನೆನಪೈತೇನಪಾ? ಬನ್ನಿ ಹಬ್ಬದ ದಿನ ನಿಮ್ಮ ಮನೀಗೆ ಬನ್ನಿ ಕೊಡಾಕ ಬಂದಿದ್ದೆ. ನಿಮ್ಮಪ್ಪ ಕಟ್ಟೀ ಮ್ಯಾಲೆ ಕುಂತಿದ್ರು. ಯಾರಲೇ ಇವ ಅಂತ ನಿನ್ನ ಕೇಳಿದ್ರು. ನೀ ನನ್ನ ಮಾರಿ ನೋಡಿ, ಯಾರೋ ನನಗ ಗೊತ್ತಿಲ್ಲ ಅಂದಿ. ಈಗ ನೋಡಿದ್ರ ಲಂಡನ್ನಾಗ ಕುಂತು, ಪೆದ್ರು ನನಗ ಗೊತ್ತು ಅಂತ ತೋರಸಾಕ ನನ್ನ ಕಡೀಂದನ ಸಾಕ್ಷಿ ಕೇಳಾಕತ್ತಿ. ನಾನೂ ನನ್ನ ಹೆಂಡ್ತೀನೂ ಭಾಳ ನಕ್ವಿ ಮಾರಾಯಾ."

ನನ್ನ ಕೈ ತಾನಾಗಿಯೇ ಟೇಪು ನಿಲ್ಲಿಸಿತು. ಬಾರ್ಬರ್, ಏನಂದ ನಿನ್ನ ಗೆಳೆಯ ಎಂದು ಕೇಳಿದ. ಅಷ್ಟು ದೊಡ್ಡ ಹಾಲಿನಲ್ಲಿ ಕನ್ನಡ ಬಲ್ಲವರು ಇಬ್ಬರೇ, ಮಾಮಾ ಮತ್ತು ನಾನು. ಮಾಮಾ ನನ್ನ ಕಡೆ ನೋಡಿದರು. ನಿಜ ಹೇಳಿಬಿಡುತ್ತೇನೆ, ನನ್ನ ಮನಸ್ಸು ಆಗಲೇ ಒಂದು ಸುಳ್ಳು ಹೊಸೆದಿತ್ತು. ಗೆಳೆಯ ಕ್ಷೇಮ ಕೇಳಿದ್ದಾನೆ, ಊರಿಗೆ ಕರೆದಿದ್ದಾನೆ ಅಂದರೆ ಮುಗಿಯಿತು. ಚಿರತೆಮರಿಯನ್ನು ಹುಲಿ ಮಾಡಿದವರಿಗೆ ಇದೇನು ಮಹಾ? ಹೇಳಿಬಿಡಿ ಮಾಮಾ, ನಾನು ಹೂಂ ಅನ್ನುತ್ತೇನೆ ಎಂದು ಕಣ್ಣಲ್ಲೇ ಹೇಳಿದೆ.

ಮಾಮಾನ ಬೋಳುತಲೆ ಬೆವರಿತ್ತು. ಆಗ ಮಿಸ್ ವೆರಾ, ಏನನ್ನೂ ಕೇಳದೆ, ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದರು.

ಎರಡು ಸಲ.

ಮಾಮಾ ಹೊರಟರು. ಒಂದು ಮಾತು ಬಿಡದೆ ಹೇಳಿದರು. ಕಟ್ಟೆ, ಅಪ್ಪ, ಕೈಯಲ್ಲಿ ಬನ್ನಿ ಹಿಡಿದು ನಿಂತ ಹುಡುಗ, ತಾವು ಆಡಿದ ಮಾತು. ಅಪ್ಪ ಹೊಡೆಯುತ್ತಾರೆಂಬ ಹೆದರಿಕೆಗೆ ಹಾಗಂದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅಂದು ತಾವು ಹನ್ನೆರಡು ವರ್ಷದವರು ಎಂದೂ ಹೇಳಲಿಲ್ಲ. ಹೇಳಿ ಮುಗಿಸಿ ಅಲ್ಲೇ ನಿಂತರು. ಮಿಸ್ ವೆರಾ, ಟೇಪಿನಲ್ಲಿ ಇನ್ನೂ ಇದೆಯಾ ಎಂದು ನನ್ನನ್ನು ಕೇಳಿದರು. ಒತ್ತಿದೆ.

"ಇರಲಿ ಬಿಡಪಾ. ಅವತ್ತ ಕೊಡಲಾರದ ಒಯ್ದ ಬನ್ನಿ ಈಗ ಕಳಸೇನಿ. ಡಬ್ಬ್ಯಾಗ ಐತಿ ನೋಡು. ತಗೊಂಡು ಬಂಗಾರದಂಗ ಇರೂಣು."

ಮಾಮಾ ಕ್ಯಾಸೆಟ್ಟಿನ ಡಬ್ಬಿ ತೆರೆದು ನೋಡಿದರು, ತಿರುವಿ ನೋಡಿದರು. ಖಾಲಿ. ಕರಿಬೇವು! ನಾನು ಕುರ್ಚಿಗಳನ್ನು ಎಡವುತ್ತ, ಕೋಲಿನ ಅಜ್ಜನ ಕಾಲು ತುಳಿದು, ಕಾರಿಗೆ ಓಡಿದೆ. ಆಶ್‌ಟ್ರೇಯಲ್ಲಿ ಪಾರ್ಕಿಂಗ್ ಚೀಟಿಗಳ ನಡುವೆ ಅದು ಇತ್ತು. ಉಫ್ ಎಂದು ಊದಿದರೆ ಚಟ್ನಿಪುಡಿ ಹಾರಿ, ಬನ್ನಿಯ ಪುಟ್ಟ ಪುಟ್ಟ ಎಲೆಗಳು ಕಂಡವು. ಎರಡೂ ಕೈಯಲ್ಲಿ ಮುಚ್ಚಿಕೊಂಡು ತಂದು ಮಾಮಾನ ಅಂಗೈಯಲ್ಲಿ ಇಟ್ಟೆ.

ಮಾಮಾ ಅದನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಿರುಗುತ್ತಿದ್ದ ಟೇಪಿನ ಕಡೆ ಬಗ್ಗಿ ಕನ್ನಡದಲ್ಲೇ ಹೇಳಿದರು: "ಗೊತ್ತಪಾ ಪೆದ್ರು. ನೀ ನನಗ ಗೊತ್ತು." ಅದರ ಅರ್ಥವೇನೆಂದು ಹಾಲಿನಲ್ಲಿ ಯಾರೂ ಕೇಳಲಿಲ್ಲ. ಮಿಸ್ ವೆರಾ ಎದ್ದು ಬಂದು, ಅವರ ಅಂಗೈ ನೋಡಿ, ಇದೇನು ಡ್ರೈವರ್ ಅಂದರು.

"ಬಂಗಾರ, ಮಿಸ್ ವೆರಾ" ಅಂದರು ಮಾಮಾ.

ಮಿಸ್ ವೆರಾ ಗುಂಡುಪಿನ್ನು, ದಾರ, ಬರೆಯಲು ಚೀಟಿ ಕೊಟ್ಟರು. ಮಾಮಾ ಹಳಿಯಾಳಕ್ಕೆ ಪಿನ್ನು ಚುಚ್ಚಿ, ಆಫ್ರಿಕಾದಿಂದ ಗೋವಾಕ್ಕೆ, ಗೋವಾದಿಂದ ಅಲ್ಲಿಗೆ ದಾರ ಎಳೆದು ಕಟ್ಟಿದರು. ಬೇಸಿಗೆಯಿಂದ ಆ ಚೀಟಿಯ ಮೇಲೆ ತಮ್ಮ ಹೆಸರನ್ನು ಯಾವ ಬಣ್ಣದ ಪೆನ್ನಿನಲ್ಲಿ ಬರೆಯಬೇಕೆಂದು ನನ್ನ ತಲೆ ತಿಂದಿದ್ದರು. ಈಗ ಕೈಗೆ ಸಿಕ್ಕ ಪೆನ್ನಿನಲ್ಲಿ, ದಪ್ಪ ಕನ್ನಡ ಅಕ್ಷರದಲ್ಲಿ, ಪೆದ್ರು ಎಂದು ಬರೆದರು.

ಅಂದು ಮಧ್ಯಾಹ್ನ ಕಿಂಗ್ಸ್‌ಬರಿಯಲ್ಲಿ ರೊಟ್ಟಿ ಊಟ. ಮಾಮಾ ಮೂರು ರೊಟ್ಟಿ ತಿಂದು ಕೈ ತೊಳೆಯುವವರೆಗೆ ಜೋಳದ ಮಾತಿಲ್ಲ, ಹುಣಸೆಯ ಮಾತಿಲ್ಲ. ಸೌಟು ಹಿಡಿದು ಕಾಯುತ್ತಿದ್ದ ಮಾಮಿ ಗಾಬರಿಯಾಗಿ, ಮೈಗೆ ಹುಷಾರಿಲ್ಲೇನು ಎಂದು ಅವರ ಹಣೆ ಮುಟ್ಟಿ ನೋಡಿದರು. ಮಾಮಾ ಬನ್ನಿಯನ್ನು ಅಂಗಿಯ ಜೇಬಿನಲ್ಲಿ ಬಸ್ ಪಾಸಿನ ಜೊತೆ ಇಟ್ಟುಕೊಂಡು, ನನ್ನ ತಾಯಿಗೆ ಫೋನು ಹಚ್ಚಿಸಿದರು. ಪೆದ್ರುನ ಮನೆಗೆ ಹೋಗಬೇಕಾದರೆ ಯಾವ ಬಸ್ಸು, ಎಲ್ಲಿ ಇಳಿಯಬೇಕು, ಇಳಿದ ಮೇಲೆ ಎಷ್ಟು ದೂರ ನಡೆಯಬೇಕು ಎಂದು ಕೇಳಿ, ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.